ಮೇಲಿನಿಂದ ಕಂಡ ಸೂರಿಗೆ ಕೆಳಗಿನ ಗೋಡೆಯೇ ಸಾಕ್ಷಿ

ಮಲೆನಾಡಿನ ಒಂದು ಹೆಂಚಿನ ಮನೆಯನ್ನು ಲೆಕ್ಕಕ್ಕೆ ಹಿಡಿಯೋಣ. ಹೊರಗೋಡೆಯಿಂದ ಹೊರಗೋಡೆಗೆ 30 ಅಡಿ ಅಗಲ, 40 ಅಡಿ ಉದ್ದ. ಒಟ್ಟು 1,200 ಚದರಡಿ. ಜಡಿಮಳೆ ಗೋಡೆಗೆ ಬಡಿಯದಿರಲೆಂದು ನಾಲ್ಕೂ ಕಡೆ ಸೂರನ್ನು 3 ಅಡಿ ಹೊರಕ್ಕೆ ಇಳಿಬಿಟ್ಟಿದ್ದಾರೆ. ಆ ಸೀಮೆಗೆ ಇದೇನೂ ದೊಡ್ಡ ಸೂರಲ್ಲ. ಈ ಮನೆಯ ಮೇಲೆ ಡ್ರೋನ್ ಹಾರಿಸಿ ನೆಟ್ಟಗೆ ಕೆಳಮುಖವಾಗಿ ಚಿತ್ರ ತೆಗೆದರೆ ಕಾಣುವುದು 36 ಅಡಿಗೆ 46 ಅಡಿಯ ಮಾಡು. ಅದು 1,656 ಚದರಡಿ, ಮನೆಗಿಂತ ಶೇ 38ರಷ್ಟು ಹೆಚ್ಚು. ಕ್ಯಾಮೆರಾ ಸುಳ್ಳು ಹೇಳಿಲ್ಲ. ಮಾಡು ಇರುವುದೇ ಅಷ್ಟು. ಆದರೆ ಈ ಅಂಕಿ ಪಂಚಾಯಿತಿ ಕಚೇರಿಗೆ ಹೋಗಿ ‘ಕಟ್ಟಡದ ವಿಸ್ತೀರ್ಣ’ ಎಂಬ ಕಾಲಂನಲ್ಲಿ ಕುಳಿತರೆ, ಮಳೆಗೆ ಹೆದರಿ ಸೂರು ಇಳಿಸಿದ ಮನೆಯವರು ಗಾಳಿಗೆ ಕಂದಾಯ ಕಟ್ಟಬೇಕಾಗುತ್ತದೆ. ಹಳ್ಳಿ ಪಟ್ಟಣಗಳ ಮನೆಗಳನ್ನೆಲ್ಲ ಆಕಾಶದಿಂದ ಅಳೆಯುವ ಕೆಲಸಕ್ಕೆ ಸರ್ಕಾರಗಳು ಕೈಹಾಕಿರುವ ಈ ಹೊತ್ತಿನಲ್ಲಿ ಒಂದು ವಿಷಯ ಇತ್ಯರ್ಥವಾಗಬೇಕು. ಡ್ರೋನ್ ಚಿತ್ರ ಮಾಡಿಗೆ ಸಾಕ್ಷಿಯಾಗಬಲ್ಲದು. ಗೋಡೆಗೆ, ಗಡಿಗೆ, ಹಕ್ಕಿಗೆ ಅದೊಂದೇ ಸಾಕ್ಷಿಯಾಗಬಾರದು.

ಈ ಕೆಲಸವೇ ಬೇಡ ಎನ್ನುವುದು ನನ್ನ ವಾದವಲ್ಲ. ಕಂದಾಯ ಮೋಜಣಿಯ ಚರಿತ್ರೆ ಬಲ್ಲವರಿಗೆ ಇದರ ಬೆಲೆ ಗೊತ್ತು. 33 ಅಡಿಯ ಸರಪಳಿ ಎಳೆದು ಹೊಲಗದ್ದೆಗಳನ್ನು ಎಕರೆ, ಗುಂಟೆ, ಆಣೆಗಳ ತನಕ ಅಳೆದ ವ್ಯವಸ್ಥೆ ಹೆಚ್ಚಿನ ಕಡೆ ಊರೊಳಗೆ ಕಾಲಿಡಲೇ ಇಲ್ಲ. ಕಂದಾಯ ಬರುತ್ತಿದ್ದದ್ದು ಬೆಳೆಯಿಂದಲೇ ಹೊರತು ಒಲೆಯಿಂದಲ್ಲ. ಹಾಗಾಗಿ ಜನ ವಾಸವಿರುವ ಜಾಗದ ಸುತ್ತ ಒಂದು ಗೆರೆ ಎಳೆದು, ಗ್ರಾಮಠಾಣಾ ಎಂದು ಬರೆದು ಕೈತೊಳೆದುಕೊಂಡರು. ಒಳಗಿನ ಮನೆಗಳಿಗೆ ನಕಾಶೆಯೂ ಇಲ್ಲ, ಬ್ಯಾಂಕು ಒಪ್ಪುವಂಥ ಹಕ್ಕುಪತ್ರವೂ ಇಲ್ಲ. ಅಜ್ಜನ ಕಾಲದ ಮನೆಯಲ್ಲಿ ಕುಳಿತವರೂ ಸಾಲಕ್ಕೆ ಹೋದರೆ ದಾಖಲೆ ಇಲ್ಲದವರೇ. 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು, ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆ ಈ ಕೊರತೆಯನ್ನು ನೀಗಿಸಲೆಂದೇ ಹುಟ್ಟಿದ್ದು. ಹಾರಾಟದ ಹೊಣೆ 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾದ್ದು. 2020ರ ಅಕ್ಟೋಬರ್‌ನಲ್ಲಿ ಮೊದಲ ಕಂತಿನ ಆಸ್ತಿ ಕಾರ್ಡ್‌ಗಳು ಆರು ರಾಜ್ಯಗಳ 763 ಹಳ್ಳಿಗಳಿಗೆ ಹೋದವು. ಅವುಗಳಲ್ಲಿ ಕರ್ನಾಟಕದವು ಎರಡೇ. 2025ರ ಜನವರಿ ಹೊತ್ತಿಗೆ ದೇಶದ ಮೂರು ಲಕ್ಷಕ್ಕೂ ಹೆಚ್ಚು ಹಳ್ಳಿಗಳ ಮೇಲೆ ಡ್ರೋನ್ ಹಾರಿಯಾಗಿತ್ತು, ಆ ತಿಂಗಳು ಒಂದೇ ದಿನ 65 ಲಕ್ಷ ಕಾರ್ಡ್‌ಗಳನ್ನು ವಿತರಿಸಲಾಯಿತು. ಹಕ್ಕುಪತ್ರ ಕೊಡುವುದರ ಜೊತೆಗೆ ಆಸ್ತಿ ತೆರಿಗೆ ನಿಗದಿಗೆ ಆಧಾರ ಒದಗಿಸುವುದೂ ಈ ಯೋಜನೆಯ ಘೋಷಿತ ಉದ್ದೇಶಗಳಲ್ಲಿ ಒಂದು. ಹಕ್ಕು, ತೆರಿಗೆ ಎರಡೂ ಒಂದೇ ಚಿತ್ರದಿಂದ ಹುಟ್ಟುತ್ತವೆ ಎಂದಾಗ ಆ ಚಿತ್ರದಲ್ಲಿ ಏನಿದೆ, ಏನಿಲ್ಲ ಎಂದು ಕೇಳುವುದು ಯೋಜನೆಗೆ ಅಡ್ಡಗಾಲು ಹಾಕಿದಂತಲ್ಲ.

ಈ ಯೋಜನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಹಳೆಯ ವಸ್ತು: ಸುಣ್ಣದ ಪುಡಿ. ಡ್ರೋನ್ ಹಾರುವ ಮುನ್ನ ಸರ್ವೆ ಸಿಬ್ಬಂದಿ, ಪಂಚಾಯಿತಿಯವರು, ಮನೆಯವರು ಸೇರಿ ಪ್ರತಿ ಆಸ್ತಿಯ ಗಡಿಗೂ ಬಿಳಿ ಗೆರೆ ಎಳೆಯುತ್ತಾರೆ. ‘ನಿನ್ನದು ಇಲ್ಲಿಗೆ, ನನ್ನದು ಇಲ್ಲಿಂದ’ ಎಂದು ಅಕ್ಕಪಕ್ಕದವರು ನೆಲದ ಮೇಲೆ ನಿಂತು ಒಪ್ಪಿದ ಗೆರೆಯನ್ನು ಕ್ಯಾಮೆರಾ ಮೇಲಿನಿಂದ ನೋಡಿ ನಕಾಶೆಗೆ ಇಳಿಸುತ್ತದೆ. ಅಂದರೆ ಗಡಿಯನ್ನು ನಿಜಕ್ಕೂ ಗುರುತಿಸುವುದು ಜನರೇ, ಯಂತ್ರ ಅದನ್ನು ನಕಲು ಮಾಡುತ್ತದೆ ಅಷ್ಟೆ. ಒಂದರ ಮೇಲೊಂದು ಸಾಕಷ್ಟು ಭಾಗ ಹೊದ್ದುಕೊಳ್ಳುವಂತೆ ತೆಗೆದ ನೂರಾರು ಚಿತ್ರಗಳನ್ನು ಕಂಪ್ಯೂಟರ್ ಹೊಲಿದು ಒಂದೇ ನಕಾಶೆ ಮಾಡುತ್ತದೆ. ಕಚೇರಿಯಲ್ಲಿ ಕುಳಿತವರು ಅದರ ಮೇಲೆ ಮನೆಗಳ ಅಂಚನ್ನು ಗೀರುತ್ತಾರೆ. ಆಮೇಲೆ ಕರಡು ನಕಾಶೆ ಹಿಡಿದು ಮತ್ತೆ ಊರಿಗೆ ಬಂದು ತಾಳೆ ನೋಡಬೇಕು, ತಕರಾರು ಕೇಳಬೇಕು, ಆಮೇಲೆಯೇ ಕಾರ್ಡ್ ಕೊಡಬೇಕು. ಕ್ರಮವೇನೋ ಚೆನ್ನಾಗಿಯೇ ಇದೆ. ನನ್ನ ಆತಂಕವೆಂದರೆ ಇಂಥ ಯೋಜನೆಗಳಲ್ಲಿ ಗುರಿ ಮುಟ್ಟುವ ಧಾವಂತ ಬಂದಾಗ ಮೊದಲು ಕತ್ತರಿ ಬೀಳುವುದು ಸುಣ್ಣದ ಹಂತಕ್ಕೆ ಮತ್ತು ತಾಳೆ ನೋಡುವ ಹಂತಕ್ಕೆ. ‘ಇಷ್ಟು ಹಳ್ಳಿಗಳ ಮೇಲೆ ಹಾರಾಟ ಮುಗಿದಿದೆ’ ಎಂದು ವರದಿ ಮಾಡುವುದು ಸುಲಭ. ಇಷ್ಟು ಜಗಲಿಗಳ ಮೇಲೆ ಕುಳಿತು ನಕಾಶೆ ತೋರಿಸಿದೆವು ಎಂದು ವರದಿ ಮಾಡುವ ಕಾಲಂ ಯಾವ ಪ್ರಗತಿ ಪರಿಶೀಲನಾ ಸಭೆಯ ಪಟ್ಟಿಯಲ್ಲಿರುತ್ತದೆ?

ಸುಣ್ಣದ ಗೆರೆಗೂ ಒಂದು ಮಿತಿಯಿದೆ, ಅದು ಸೂರಿನಡಿಗೆ ಹೋದರೆ ಕಾಣುವುದಿಲ್ಲ. ಮನೆ ಗಡಿಗೆ ಅಂಟಿಕೊಂಡಂತೆ ಗೋಡೆಯೆದ್ದಿದ್ದರೆ ಗೋಡೆಯ ಬುಡದಲ್ಲಿ ಎಳೆದ ಬಿಳಿ ಗೆರೆಯನ್ನು ಮೂರಡಿಯ ಸೂರು ಮುಚ್ಚಿಬಿಡುತ್ತದೆ. ಆಗ ಕಚೇರಿಯಲ್ಲಿ ಕುಳಿತವನಿಗೆ ಸಿಗುವ ಏಕೈಕ ಗೆರೆ ಹೆಂಚಿನ ಕೊನೆಯ ಸಾಲು. ಅದನ್ನೇ ಗಡಿಯೆಂದು ಗೀರಿದರೆ ಆಗುವ ಅನಾಹುತ ತೆರಿಗೆಯದ್ದಕ್ಕಿಂತ ದೊಡ್ಡದು. ನಮ್ಮ ಹಳ್ಳಿಗಳಲ್ಲಿ ಒಬ್ಬರ ಸೂರಿನ ನೀರು ಇನ್ನೊಬ್ಬರ ಹಿತ್ತಿಲಿಗೆ ಬೀಳುವುದು ತಲೆಮಾರುಗಳಿಂದ ನಡೆದುಬಂದ ಹೊಂದಾಣಿಕೆ. 1882ರ ಈಸ್‌ಮೆಂಟ್ ಕಾಯ್ದೆ ಇಂಥ ರೂಢಿಯನ್ನು ಹಕ್ಕೆಂದು ಮಾನ್ಯ ಮಾಡುತ್ತದೆ, ಆದರೆ ಅದು ಬಳಕೆಯ ಹಕ್ಕು, ಒಡೆತನವಲ್ಲ. ನೀರು ಬೀಳಿಸುವ ಹಕ್ಕು ನನಗಿದ್ದರೂ ನೀರು ಬೀಳುವ ನೆಲ ಪಕ್ಕದವರದೇ. ಸೂರಂಚನ್ನು ಗಡಿಯೆಂದು ಬರೆದ ಕಾರ್ಡ್ ಆ ನೆಲವನ್ನು ಸದ್ದಿಲ್ಲದೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತದೆ. ಹಳೆಯ ಕ್ರಯಪತ್ರಗಳ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಗೋಡೆ, ಪಶ್ಚಿಮಕ್ಕೆ ಓಣಿ ಎಂದು ಬರೆಯುತ್ತಿದ್ದರು. ಅಳತೆ ಒರಟಾಗಿದ್ದರೂ ಏನನ್ನು ಅಳೆದೆವು ಎಂಬುದರಲ್ಲಿ ಆ ಬರಹಗಾರರಿಗೆ ಗೊಂದಲವಿರಲಿಲ್ಲ.

ಮಲೆನಾಡು ದಾಟಿ ಬಯಲುಸೀಮೆಗೆ ಬಂದರೆ ತೊಡಕು ತಲೆಕೆಳಗಾಗುತ್ತದೆ. ವಿಜಯಪುರ, ಬಾಗಲಕೋಟೆಯ ಕಡೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಸೂರಿನ ಕಾಟವಿಲ್ಲ, ಆದರೆ ಗೋಡೆಗಳು ಜಂಟಿ. ಅಣ್ಣತಮ್ಮಂದಿರು ಪಾಲಾಗಿ ಒಳಗೆ ಅಡ್ಡಗೋಡೆ ಎಬ್ಬಿಸಿಕೊಂಡಿದ್ದರೂ ಮೇಲೆ ಮಾಳಿಗೆಯ ಮಣ್ಣು ಒಂದೇ ಹಾಸು. ಆಕಾಶದಿಂದ ನೋಡಿದವರಿಗೆ ಅದು ಒಂದು ಮನೆ, ನಾಲ್ಕು ಬೆಳಕಿಂಡಿ. ಒಳಗೆ ಹೋದವರಿಗೆ ನಾಲ್ಕು ಒಲೆ, ನಾಲ್ಕು ಸಂಸಾರ. ಬೆಂಗಳೂರಿನ ಕಥೆ ಮತ್ತೊಂದು ಬಗೆಯದು. 20ಕ್ಕೆ 30ರ ನಿವೇಶನದಲ್ಲಿ ನೆಲಮಹಡಿಯ ಮೇಲಿನ ಮಹಡಿಗಳನ್ನು ಬೀದಿಯ ಕಡೆಗೆ ಚಾಚಿ ಕಟ್ಟಿದ ಮನೆಗಳು ಗಲ್ಲಿಗಲ್ಲಿಯಲ್ಲೂ ಇವೆ. ಅವುಗಳ ತಾರಸಿಯನ್ನು ಅಳೆದು ಮಹಡಿಗಳ ಸಂಖ್ಯೆಯಿಂದ ಗುಣಿಸಿದರೆ ಕೆಳಮಹಡಿ ಇರುವುದಕ್ಕಿಂತ ದೊಡ್ಡದಾಗಿ ಲೆಕ್ಕಕ್ಕೆ ಬರುತ್ತದೆ, ನೆಲದಡಿಯ ಪಾರ್ಕಿಂಗ್ ಲೆಕ್ಕಕ್ಕೇ ಬರುವುದಿಲ್ಲ. 2000ದಲ್ಲಿ ಸ್ವಯಂ ಘೋಷಿತ ತೆರಿಗೆ ಪದ್ಧತಿ ಬಂದ ನಗರ ಅದು. ಘೋಷಿಸಿಕೊಂಡದ್ದು ನಿಜವೇ ಎಂದು ಮೇಲಿನಿಂದ ಇಣುಕಿ ನೋಡುವ ಆಸೆ ಆಡಳಿತಕ್ಕೆ ಹುಟ್ಟುವುದು ಸಹಜ. ಸುಳ್ಳು ಘೋಷಣೆಗಳೂ ಕಡಿಮೆಯಿಲ್ಲವೆನ್ನಿ.

ಡ್ರೋನ್ ಪರವಾಗಿ ಮಾತನಾಡುವವರು ಮೊದಲು ಮುಂದಿಡುವುದು ನಿಖರತೆಯನ್ನು. ಸ್ವಾಮಿತ್ವದ ನಕಾಶೆಗಳ ನಿಖರತೆಯನ್ನು 5 ಸೆಂಟಿಮೀಟರ್ ಎಂದು ಹೇಳಲಾಗುತ್ತದೆ. ಬೆರಳುದ್ದದ ಅಂತರವನ್ನೂ ಹಿಡಿಯುವ ಅಳತೆಗೆ ಟೇಪು ಹಿಡಿದ ಮೋಜಣಿದಾರ ಸಾಟಿಯೇ ಎಂಬುದು ಅವರ ಪ್ರಶ್ನೆ. ಮಾತು ಸುಳ್ಳಲ್ಲ. ಆದರೆ ಆ 5 ಸೆಂಟಿಮೀಟರ್, ಚಿತ್ರದಲ್ಲಿ ಕಂಡ ಬಿಂದು ಭೂಮಿಯ ಮೇಲೆ ಎಲ್ಲಿದೆ ಎಂಬುದರ ನಿಖರತೆ. ಕಂಡದ್ದು ಸೂರಂಚಾದರೆ ಸೂರಂಚಿನ ಸ್ಥಾನ 5 ಸೆಂಟಿಮೀಟರ್ ಒಳಗೆ ಸರಿಯಿರುತ್ತದೆ, ಗೋಡೆ ಅಲ್ಲಿಂದ 90 ಸೆಂಟಿಮೀಟರ್ ಒಳಗೇ ಉಳಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಅನುಮತಿ ಕೇಳದೆ ಹಾರಿಸಬಹುದು. ಅಷ್ಟು ಎತ್ತರದಲ್ಲಿರುವ ಕ್ಯಾಮೆರಾದ ನೇರ ಕೆಳಗಿನಿಂದ 40 ಮೀಟರ್ ಪಕ್ಕಕ್ಕೆ, 6 ಮೀಟರ್ ಎತ್ತರದ ಮನೆಯೊಂದಿದೆ ಎನ್ನಿ. ಕ್ಯಾಮೆರಾ ಓರೆಯಾಗಿ ನೋಡುವುದರಿಂದ ಅದರ ಮಾಡು ಚಿತ್ರದಲ್ಲಿ ಸುಮಾರು 2 ಮೀಟರ್ ಆಚೆಗೆ ವಾಲಿದಂತೆ ಬೀಳುತ್ತದೆ. ಕಟ್ಟಡದ ಎತ್ತರವನ್ನೂ ಲೆಕ್ಕಕ್ಕೆ ತಂದು ತಿದ್ದಿದರೆ ಈ ವಾಲು ಹೋಗುತ್ತದೆ, ಬರೀ ನೆಲದ ಏರುತಗ್ಗಿಗೆ ತಿದ್ದಿದರೆ ಉಳಿಯುತ್ತದೆ. ಕೆಲಸ ಬಲ್ಲವರು ಇದನ್ನು ತಪ್ಪದೆ ತಿದ್ದುತ್ತಾರೆ. ಕಡಿಮೆ ದರಕ್ಕೆ ಟೆಂಡರ್ ಹಿಡಿದವರೆಲ್ಲ ಕೆಲಸ ಬಲ್ಲವರೇ ಎಂಬ ಖಾತರಿ ಮಾತ್ರ ಕಾರ್ಡಿನ ಮೇಲೆ ಎಲ್ಲೂ ಮುದ್ರಿತವಾಗಿರುವುದಿಲ್ಲ.

ಹಾಗಾದರೆ ಮಾಡಿನ ಅಳತೆ ನಿರುಪಯೋಗಿಯೇ? ಖಂಡಿತ ಅಲ್ಲ. ಯಾವುದಕ್ಕೆ ಅಳೆಯುತ್ತಿದ್ದೇವೆ ಎಂಬುದರ ಮೇಲೆ ಅದೇ ಮಾಡು ಬೇರೆ ಬೇರೆ ಲೆಕ್ಕ ಕೊಡುತ್ತದೆ. ಮಳೆನೀರು ಕೊಯ್ಲಿಗೆ ಬೇಕಾದದ್ದು ಮೇಲಿನಿಂದ ಕಂಡ 1,656 ಚದರಡಿಯೇ. ಸೂರಿನ ಮೇಲೆ ಬಿದ್ದ ಹನಿಯೂ ದೋಣಿಗೇ ಇಳಿಯುತ್ತದೆ. ಒಂದು ಮಿಲಿಮೀಟರ್ ಮಳೆಗೆ ಆ ಮಾಡಿನ ಮೇಲೆ ಬೀಳುವುದು ಸುಮಾರು 154 ಲೀಟರ್. ಗೋಡೆಯಳತೆ ಹಿಡಿದು ಲೆಕ್ಕ ಹಾಕಿದವನು ಅದನ್ನು 111 ಎಂದುಕೊಂಡು ತೊಟ್ಟಿಯನ್ನು ಚಿಕ್ಕದು ಮಾಡುತ್ತಾನೆ. ಹೆಂಚು ಹೊದಿಸುವವನಿಗೆ ಮಾತ್ರ 1,656 ಸಾಲದು, ಅವನಿಗೆ ಇಳಿಜಾರಿನ ಮೈ ಬೇಕು. ಮಾಡಿನ ಓಟ 30 ಡಿಗ್ರಿಯಿದ್ದರೆ ನಿಜವಾದ ಮೈ 1,912 ಚದರಡಿ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕೆಂದರೆ, ಚಿತ್ರದ ಅಳತೆಯನ್ನೇ ನಂಬಿ ತರಿಸಿದವರಿಗೆ ಮುನ್ನೂರೈವತ್ತರಷ್ಟು ಹೆಂಚು ಕಡಿಮೆ ಬೀಳುತ್ತದೆ, ಇನ್ನೊಂದು ಲಾರಿ ಬಾಡಿಗೆ ತೆರಬೇಕಾಗುತ್ತದೆ. ಹೆಂಚಿನ ಕೆಲಸದ ಮೇಸ್ತ್ರಿಗೆ ತ್ರಿಕೋನಮಿತಿ ಗೊತ್ತಿಲ್ಲದಿರಬಹುದು. ಪಕಾಸಿನ ಉದ್ದ ಅಳೆದು ರೀಪುಗಳ ಸಾಲು ಎಣಿಸುವ ಅವನ ಲೆಕ್ಕ ಸರಿಯಾದ ಅಂಕಿಗೇ ಬಂದು ನಿಲ್ಲುತ್ತದೆ. ಇನ್ನು ಸೌರಫಲಕ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಡಿ ಒಂದು ಕೋಟಿ ಮನೆಗಳ ಮಾಡಿನ ಮೇಲೆ ಫಲಕ ಕೂರಿಸುವ ಗುರಿಯಿದೆ, 3 ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನವೂ ಇದೆ. ಒಂದು ಕಿಲೋವಾಟ್‌ಗೆ ಹೆಚ್ಚುಕಡಿಮೆ 100 ಚದರಡಿ ಜಾಗ ಬೇಕು. ಆದರೆ ಅಲ್ಲಿ ಎಣಿಕೆಗೆ ಬರುವುದು ದಕ್ಷಿಣಕ್ಕೆ ವಾಲಿದ, ತೆಂಗು ಅಡಿಕೆಯ ನೆರಳು ಬೀಳದ ಭಾಗ ಮಾತ್ರ. ಇಲ್ಲಿ ಡ್ರೋನ್‌ಗೆ ಎದುರಿಲ್ಲ. ದಿಕ್ಕು, ಓಟ, ನೆರಳನ್ನು ಏಣಿ ಹತ್ತದೆ, ಹೆಂಚು ಒಡೆಯದೆ ಹೇಳಬಲ್ಲದು. ಏಣಿಯಿಂದ ಜಾರಿ ಸೊಂಟ ಮುರಿದುಕೊಳ್ಳುವ ಅಪಾಯ ತಪ್ಪುವುದೇ ಸಣ್ಣ ಲಾಭವಲ್ಲ.

ಇಷ್ಟೆಲ್ಲ ಕೊಂಕು ತೆಗೆಯುವುದರ ಬದಲು ಹಳೆಯ ಟೇಪೇ ವಾಸಿಯಾಗಿತ್ತು ಎನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ಟೇಪಿನ ಕಾಲವನ್ನು ಹೊಗಳಲು ನನಗೆ ಕಾರಣವೇ ಇಲ್ಲ. ಅಳೆಯಲು ಬಂದವರ ಮುಖ ನೋಡಿ, ಅವರ ಕಾಫಿ ತಿಂಡಿ ನೋಡಿಕೊಂಡು, ಕೈ ಬೆಚ್ಚಗೆ ಮಾಡಿದವರ ಮನೆ ಕುಗ್ಗುತ್ತಿತ್ತು, ಮಾಡದವರ ಮನೆ ಹಿಗ್ಗುತ್ತಿತ್ತು. ಅಳತೆಯಾದ ಮೇಲೆ ಅದು ತಪ್ಪೆಂದು ತೋರಿಸಲು ಬಡವನ ಬಳಿ ಏನೂ ಇರುತ್ತಿರಲಿಲ್ಲ. ಚಿತ್ರದ ದೊಡ್ಡ ಗುಣ ಇರುವುದೇ ಇಲ್ಲಿ: ಅದು ಉಳಿಯುತ್ತದೆ, ಎರಡೂ ಕಡೆಯವರು ಅದರ ಮೇಲೆ ಬೆರಳಿಟ್ಟು ವಾದಿಸಬಹುದು. ಆದರೆ ಈ ಗುಣ ಫಲ ಕೊಡಬೇಕಾದರೆ ಚಿತ್ರ ಮನೆಯವರ ಕೈಗೂ ಬರಬೇಕು. ಸರ್ವರ್‌ನಲ್ಲಿ ಚಿತ್ರ, ನೋಟಿಸಿನಲ್ಲಿ ಬರೀ ಅಂಕಿ ಎಂದಾದರೆ ಟೇಪು ಹಿಡಿದವನ ಜಾಗದಲ್ಲಿ ಕಂಪ್ಯೂಟರ್ ಮುಂದೆ ಕುಳಿತವನು ಬಂದ ಹಾಗಾಯಿತು. ಮೊದಲಿನವನ ಜೊತೆ ಕನಿಷ್ಠ ಅಂಗಳದಲ್ಲಿ ನಿಂತು ಜಗಳವಾಡಬಹುದಿತ್ತು.

ಮನೆಮನೆಗೆ ಹೋಗಿ ತಾಳೆ ನೋಡುವುದಾದರೆ ಡ್ರೋನ್ ಯಾಕೆ, ವೇಗವೆಲ್ಲ ಮಣ್ಣುಪಾಲಾಗುವುದಿಲ್ಲವೇ ಎಂಬುದು ಅಧಿಕಾರಿಗಳ ಆಕ್ಷೇಪ. ಇದು ತೂಕವಿರುವ ಆಕ್ಷೇಪ. ತಾಲ್ಲೂಕಿಗೆ ಎಷ್ಟು ಮೋಜಣಿದಾರರಿದ್ದಾರೆ, ಪೋಡಿ, ಹದ್ದುಬಸ್ತಿಗೆ ಅರ್ಜಿ ಹಾಕಿದವರು ಎಷ್ಟು ಕಾಲ ಕಾಯುತ್ತಾರೆ ಎಂಬುದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಎಲ್ಲ ಮನೆಗೂ ಹೋಗಬೇಕಾಗಿಯೇ ಇಲ್ಲ. ತಾರಸಿ ಮನೆಗಳಲ್ಲಿ ಮಾಡಿನಂಚೂ ಗೋಡೆಯೂ ಬಹುಪಾಲು ಹತ್ತಿರ ಹತ್ತಿರ ಇರುತ್ತವೆ, ಅಲ್ಲಿ ಚಿತ್ರದ ಅಳತೆ ನಡೆದೀತು. ಇಳಿಜಾರು ಮಾಡು ಯಾವುದು ಎಂದು ಡ್ರೋನ್ ಕೊಡುವ ಎತ್ತರದ ಲೆಕ್ಕವೇ ಹೇಳುತ್ತದೆ. ಅಂಥ ಮನೆಗಳನ್ನು, ಜಂಟಿ ಮಾಳಿಗೆಗಳನ್ನು, ಹಳೆಯ ದಾಖಲೆಗೂ ಹೊಸ ಅಳತೆಗೂ ದೊಡ್ಡ ಅಂತರ ಬಂದವನ್ನು ಮಾತ್ರ ಬೇರೆ ಮಾಡಿ, ಅಲ್ಲಿಗೆ ಟೇಪು ಹಿಡಿದು ಹೋದರೆ ಸಾಕು. ಯಂತ್ರ ತನಗೆ ಗೊತ್ತಾಗದ ಕಡೆಯನ್ನು ತಾನೇ ಗುರುತಿಸಿ ಕೊಡುವಂತೆ ಕೆಲಸ ಹಂಚಿದರೆ ವೇಗವೂ ಉಳಿಯುತ್ತದೆ. ಸೂರಿಗೆ ವಿನಾಯಿತಿ ಕೊಟ್ಟರೆ ಎಲ್ಲರೂ ತಗಡಿನ ಶೀಟು ಇಳಿಸಿ, ಅದರಡಿ ಅಂಗಡಿ ತೆರೆದು ಸೂರೆನ್ನುತ್ತಾರೆ ಎಂಬ ಭಯಕ್ಕೂ ಉತ್ತರ ಅದೇ ಭೇಟಿಯಲ್ಲಿದೆ. ಶೀಟಿನಡಿ ಶಟರ್ ಇದೆಯೋ ಸೌದೆ ಇದೆಯೋ ಎಂದು ಮೇಲಿನಿಂದಂತೂ ಕಾಣುವುದಿಲ್ಲ.

ತಂತ್ರಜ್ಞಾನ ಬಲ್ಲವರು ಇದಕ್ಕೂ ಮುಂದೆ ಹೋಗಿ, ಓರೆ ಕ್ಯಾಮೆರಾ ಹಾಕಿದರೆ ಗೋಡೆಯೂ ಕಾಣುತ್ತದೆ, ಲೇಸರ್ ಕಿರಣದಿಂದ ಅಳೆಯುವ ಲೈಡಾರ್ ಬಳಸಿದರೆ ಮರದೆಲೆಗಳ ಸಂದಿನಿಂದಲೂ ಕಿರಣ ಇಳಿದು ಮಾಡು ಮುಟ್ಟುತ್ತದೆ ಎನ್ನುತ್ತಾರೆ. ಎರಡೂ ನಿಜ. ಖರ್ಚು ಹೆಚ್ಚು, ದಟ್ಟ ಅಡಿಕೆ ತೋಟದೊಳಗಿನ ಮನೆಗೆ ಅದೂ ತಡಕಾಡುತ್ತದೆ, ಆದರೂ ಅಳತೆ ಸುಧಾರಿಸುತ್ತದೆ ಎಂಬುದನ್ನು ಒಪ್ಪೋಣ. ಗೋಡೆ ಕಂಡ ಮಾತ್ರಕ್ಕೆ ಗೋಡೆ ಯಾರದ್ದೆಂದು ಕಾಣುವುದಿಲ್ಲವಲ್ಲ. ಜಂಟಿ ಗೋಡೆಯಲ್ಲಿ ಅರ್ಧ ನನ್ನದು ಎಂಬ ಮಾತು ಇಬ್ಬರು ನೆರೆಯವರ ನಡುವಿನ ಒಪ್ಪಂದ, ಅದಕ್ಕೆ ಬಿಂಬವಿಲ್ಲ.

ಹೊರದೇಶಗಳ ಅನುಭವ ಇಲ್ಲಿ ಕೊಂಚ ಬುದ್ಧಿ ಹೇಳುತ್ತದೆ. ಫ್ರಾನ್ಸಿನ ತೆರಿಗೆ ಇಲಾಖೆ 2022ರಲ್ಲಿ ವೈಮಾನಿಕ ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ, ಜನ ಘೋಷಿಸದೆ ಇಟ್ಟುಕೊಂಡಿದ್ದ 20 ಸಾವಿರಕ್ಕೂ ಹೆಚ್ಚು ಈಜುಕೊಳಗಳನ್ನು ಪತ್ತೆ ಹಚ್ಚಿ, ಸುಮಾರು ಒಂದು ಕೋಟಿ ಯೂರೊ ತೆರಿಗೆ ಗಳಿಸಿತು. ಕಳ್ಳರು ಸಿಕ್ಕಿಬಿದ್ದದ್ದು ಸಂತೋಷವೇ. ಆದರೆ ಆರಂಭದ ದಿನಗಳಲ್ಲಿ ಅದೇ ಯಂತ್ರ ನೀಲಿ ಹೊದಿಕೆಯನ್ನೂ ಸೌರಫಲಕವನ್ನೂ ಕೊಳವೆಂದುಕೊಂಡಿತ್ತು. ಅಮೆರಿಕದಲ್ಲಿ ಮಾಡಿನ ಅಳತೆಯನ್ನು ವೈಮಾನಿಕ ಚಿತ್ರಗಳಿಂದ ತೆಗೆದು ಮಾರುವುದು ಎಂದಿನಿಂದಲೋ ದೊಡ್ಡ ವ್ಯಾಪಾರ. ಅಲ್ಲಿ ಮಾಡು ಬದಲಿಸುವ ಗುತ್ತಿಗೆದಾರರಿಗೆ ಓಟ ಸೇರಿಸಿದ ನಿಜವಾದ ಮೈ, ಏಣಂಚಿನ ಉದ್ದ, ಮೂಲೆಗಳ ಲೆಕ್ಕವನ್ನು ಬಿಡಿಬಿಡಿಯಾಗಿ ಕೊಡುತ್ತಾರೆ. ಉದ್ದೇಶ ಒಂದೇ ಆದ್ದರಿಂದ ಅಳತೆಯೂ ಸ್ಪಷ್ಟ. ತೊಂದರೆ ಶುರುವಾದದ್ದು ಅಂಥ ಚಿತ್ರಗಳನ್ನೇ ಆಧರಿಸಿ ವಿಮೆ ಕಂಪನಿಗಳು ಮಾಡು ಹಳತಾಗಿದೆ, ಪಾಚಿ ಕಟ್ಟಿದೆ ಎಂದು ಮನೆಗಳ ಪಾಲಿಸಿ ನವೀಕರಿಸಲು ನಿರಾಕರಿಸಿದಾಗ. ಚಿತ್ರ ಹಳೆಯದು, ನಾವು ಆಗಲೇ ದುರಸ್ತಿ ಮಾಡಿಸಿದ್ದೇವೆ ಎಂದು ಮನೆಯವರು ದೂರಬೇಕಾಯಿತು. ಎರಡೂ ಕಡೆ ಕಾಣುವುದು ಒಂದೇ: ಒಂದು ಕೆಲಸಕ್ಕೆ ತೆಗೆದ ಚಿತ್ರ ಇನ್ನೊಂದು ಕೆಲಸಕ್ಕೆ ಜಾರಿದಾಗ ತಪ್ಪನ್ನು ತಿದ್ದುವ ಹೊರೆ ಮನೆಯವರ ಹೆಗಲಿಗೆ ಬೀಳುತ್ತದೆ.

ಖಾಸಗಿತನದ ಮಾತನ್ನು ಇದೇ ದಾರಿಯಲ್ಲಿ ನೋಡಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಹೇಳಿತು. ಅದನ್ನು ಮೊಟಕುಗೊಳಿಸಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಹಿತ್ತಿಲ ಬಚ್ಚಲು, ಒಣಗಲು ಹಾಕಿದ ಬಟ್ಟೆ, ಕೊಟ್ಟಿಗೆಯ ದನ, ಎಲ್ಲವೂ ಸೆಂಟಿಮೀಟರ್ ಸ್ಪಷ್ಟತೆಯಲ್ಲಿ ಮೂಡುವ ಚಿತ್ರಕ್ಕೆ ಹಕ್ಕುಪತ್ರ ಕೊಡುವುದು ನ್ಯಾಯವಾದ ಉದ್ದೇಶವೇ. ಅದೇ ಚಿತ್ರವನ್ನು ನಾಳೆ ತೆರಿಗೆಗೆ, ನಾಡಿದ್ದು ಅಕ್ರಮ ಕಟ್ಟಡದ ನೋಟಿಸಿಗೆ, ಆಚೆ ನಾಡಿದ್ದು ಸಾಲ ಕೊಡುವ ಕಂಪನಿಗೆ ದಾಟಿಸುವ ಮುನ್ನ ಪ್ರತಿ ಸಲವೂ ಆ ಮೂರು ಪ್ರಶ್ನೆಗಳಿಗೆ ಹೊಸದಾಗಿ ಉತ್ತರ ಕೊಡಬೇಕು.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಆಸ್ತಿ ಕಾರ್ಡಿನಲ್ಲೂ ತೆರಿಗೆ ನೋಟಿಸಿನಲ್ಲೂ ಈಗಿರುವ ಒಂದು ವಿಸ್ತೀರ್ಣದ ಬದಲು ಮೂರನ್ನು ಬರೆಯಲಿ: ಮೇಲಿನಿಂದ ಕಂಡ ಮಾಡು, ಗೋಡೆಯ ಹೊರಮೈ, ಒಪ್ಪಿದ ಗಡಿ. ಪ್ರತಿಯೊಂದರ ಪಕ್ಕದಲ್ಲಿ ಅದನ್ನು ಹೇಗೆ ಅಳೆದರು, ಯಾವ ತಾರೀಕಿನ ಚಿತ್ರ, ಸ್ಥಳಕ್ಕೆ ಹೋಗಿದ್ದರೋ ಇಲ್ಲವೋ ಎಂಬುದಿರಲಿ. ಗೋಡೆಯನ್ನು ಅಳೆಯದಿದ್ದರೆ ಆ ಜಾಗ ಖಾಲಿ ಬಿಡಲಿ, ಮಾಡಿನ ಅಂಕಿಯನ್ನು ಅಲ್ಲಿ ತುಂಬದಿರಲಿ. ತೆರಿಗೆಗೆ ಎರಡನೆಯದು, ಹಕ್ಕಿಗೆ ಮೂರನೆಯದು, ಮಳೆನೀರಿಗೆ ಮೊದಲನೆಯದು ಎಂದು ನಿಯಮದಲ್ಲೇ ಬರೆದುಬಿಟ್ಟರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ. ಮನೆಯ ಚಿತ್ರದ ಒಂದು ಪ್ರತಿ ನೋಟಿಸಿನ ಜೊತೆಗೇ ಬರಲಿ. ಅಳತೆ ಒಪ್ಪದವರು ಮರುಅಳತೆ ಕೇಳಿದರೆ ಅದರ ಶುಲ್ಕ ಯಾರು ಕೊಡಬೇಕು ಎಂಬುದನ್ನೂ ಈಗಲೇ ತೀರ್ಮಾನಿಸುವುದು ಒಳಿತು. ಸೂರನ್ನು ಗೋಡೆಯೆಂದು ಎಣಿಸಿದ್ದರಿಂದ ಬಂದ ವ್ಯತ್ಯಾಸವಾದರೆ ಅದನ್ನು ಅಳೆದ ಇಲಾಖೆಯೇ ಭರಿಸಬೇಕು.